ಅನ್ನ ಬೇಯಿಸಿದ್ದಕ್ಕೆ ರಸೀದಿ ಎಲ್ಲಿದೆ?

ಹಿರಿಯ ಪತ್ರಕರ್ತ ಪಿ. ಸಾಯಿನಾಥ್ ಅವರ ‘ದಿ ಲಾಸ್ಟ್ ಹೀರೋಸ್’ ಇಂಗ್ಲಿಷಿನಲ್ಲಿ ಬಂದದ್ದು 2022ರಲ್ಲಿ. ಊರೂರು ಸುತ್ತಿ ತಾವು ಕಂಡು ಮಾತನಾಡಿಸಿದ ಸ್ವಾತಂತ್ರ್ಯ ಹೋರಾಟಗಾರರ ಚಿತ್ರಗಳನ್ನು ಅವರು ಇದರಲ್ಲಿ ಬರೆದಿದ್ದಾರೆ. ರೈತರು, ಕೂಲಿಗಳು, ಆದಿವಾಸಿಗಳು, ದಲಿತರು, ಮನೆವಾರ್ತೆಯ ಹೆಣ್ಣುಮಕ್ಕಳು. ನಮ್ಮ ಎಚ್.ಎಸ್. ದೊರೆಸ್ವಾಮಿಯವರೂ ಇದ್ದಾರೆ. ಉಳಿದವರಲ್ಲಿ ಹೆಚ್ಚಿನವರ ಹೆಸರನ್ನು ನಾವು ಉರ್ದು ಪಾಠದಲ್ಲೂ ಓದಿರಲಿಲ್ಲ, ಕನ್ನಡ ಪಾಠದಲ್ಲೂ ಓದಿರಲಿಲ್ಲ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಭವಾನಿ ಮಹಾತೋ ಎಂಬ ಶತಾಯುಷಿ ಅಜ್ಜಿಯ ಚಿತ್ರ. ಹೋರಾಟಕ್ಕೂ ತನಗೂ ಏನೂ ಸಂಬಂಧವಿಲ್ಲ, ಅದೆಲ್ಲ ತನ್ನ ಗಂಡನದು ಎಂದೇ ಅವರ ಹಟ. ಬೇರೆಯವರಾಗಿದ್ದರೆ ನಮಸ್ಕಾರ ಹೇಳಿ ಎದ್ದು ಬರುತ್ತಿದ್ದರು. ಸಾಯಿನಾಥ್ ಕೂತರು. ಆಗ ನೀವೇನು ಮಾಡುತ್ತಿದ್ದಿರಿ ಎಂದು ವಿಚಾರಿಸಿದರು. ಸಂಗತಿ ಒಂದೊಂದಾಗಿ ಹೊರಬಿತ್ತು. ಗಂಡ ಜೈಲಿನಲ್ಲಿದ್ದಾಗ ಬೇಸಾಯ ನೋಡಿಕೊಂಡವರು ಅವರು. ದೊಡ್ಡ ಕುಟುಂಬದ ಹೊಟ್ಟೆ ತುಂಬಿಸಿದವರು ಅವರು. ಭೂಗತರಾಗಿದ್ದ ಹೋರಾಟಗಾರರಿಗೂ ಬೇಯಿಸಿ ಬಡಿಸಿದವರು ಅವರೇ. ಅವರ ಲೆಕ್ಕದಲ್ಲಿ ಅದು ಬರೀ ಅಡುಗೆ!

ಸರ್ಕಾರದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. ಪಿಂಚಣಿಯ ನಿಯಮಗಳು ಮುಖ್ಯವಾಗಿ ಜೈಲುವಾಸದ, ಭೂಗತವಾಸದ ದಾಖಲೆ ಕೇಳುತ್ತವೆ. ಅನ್ನ ಬೇಯಿಸಿದ್ದಕ್ಕೆ ಯಾವ ಕಚೇರಿ ರಸೀದಿ ಕೊಟ್ಟೀತು? ಒಡಿಶಾದ ಲಕ್ಷ್ಮೀ ಪಂಡಾ ಎಳೆಯ ವಯಸ್ಸಿನಲ್ಲೇ ನೇತಾಜಿಯ ಸೇನೆಯಲ್ಲಿದ್ದವರು. ಜೈಲು ಕಂಡಿರಲಿಲ್ಲವೆಂಬ ಕಾರಣಕ್ಕೆ ಮಾನ್ಯತೆಗಾಗಿ ಮುಪ್ಪಿನವರೆಗೂ ಹೆಣಗಿದರು.

ಒಡಿಶಾದವರೇ ಆದ ಬಾಜಿ ಮೊಹಮ್ಮದ್ ನಬರಂಗಪುರದ ಗಾಂಧಿವಾದಿ. 1942ರ ಚಳವಳಿಯಲ್ಲಿ ಜೈಲು ಸೇರಿದರು. ಆಮೇಲೆ ಭೂದಾನಕ್ಕೆ ದುಡಿದರು. 1992ರಲ್ಲಿ ಶಾಂತಿಗಾಗಿ ಅಯೋಧ್ಯೆಗೆ ಹೋದಾಗ ಆ ಇಳಿವಯಸ್ಸಿನಲ್ಲಿ ತಲೆಗೆ ಪೆಟ್ಟು ತಿಂದರು. ಅಹಿಂಸೆಯನ್ನು ಮಾತ್ರ ಬಿಡಲಿಲ್ಲ. ನೂರು ದಾಟಿದ ಮೇಲೆ 2019ರಲ್ಲಿ ತೀರಿಕೊಂಡರು.

ಈ ದೇಶಕ್ಕೆ ನಿಮ್ಮ ಕುರಬಾನಿ ಏನು ಎಂದು ಯಾರಾದರೂ ಕೆಣಕಿದರೆ ನಮ್ಮವರು ಟಿಪ್ಪು, ಅಶ್ಫಾಖುಲ್ಲಾ, ಆಜಾದ್ ಎಂದು ಪಟ್ಟಿ ಒಪ್ಪಿಸುತ್ತಾರೆ. ಬಾಜಿ ಸಾಹೇಬರನ್ನೂ ಆ ಪಟ್ಟಿಗೆ ಸೇರಿಸಿಬಿಡುವುದು ಸುಲಭ. ಆದರೆ ಈ ಪುಸ್ತಕದಲ್ಲಿ ಅವರು ಮುಸಲ್ಮಾನರ ಪರವಾಗಿ ಸಬೂತು ಹಿಡಿದು ನಿಂತಿಲ್ಲ. ಭವಾನಿಯಮ್ಮನ, ಲಕ್ಷ್ಮಿಯ ಸಾಲಿನಲ್ಲಿ ಅವರಂತೆಯೇ ಕೂತಿದ್ದಾರೆ. ಅವರಿಗೆ ಸಲ್ಲಬೇಕಾದ ಜಾಗ ಅದೇ ಎಂದು ನಮಗೆ ಅನ್ನಿಸುತ್ತದೆ. ಮನೆಯವರು ಮನೆಗೆ ದುಡಿದದ್ದಕ್ಕೆ ಸಬೂತು ಕೇಳುವವರು ಉಂಟೇ?

ಸ್ವಾತಂತ್ರ್ಯ ಹೋರಾಟ ಕಂಡವರು ಈಗ ಬೆರಳೆಣಿಕೆಯಷ್ಟು. ಆದರೆ ನಮ್ಮ ಮೊಹಲ್ಲಾಗಳಲ್ಲಿ ಬರಗಾಲ ದಾಟಿಸಿದ ದಾದಿಯರಿದ್ದಾರೆ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಖಾಲಾಗಳಿದ್ದಾರೆ, ಗಲಭೆಯ ರಾತ್ರಿ ಪಕ್ಕದ ಮನೆಯವರಿಗೆ ಬಾಗಿಲು ತೆರೆದ ಅಕ್ಕಂದಿರಿದ್ದಾರೆ. ಕೇಳಿದರೆ ‘ನಾವೇನು ಮಾಡಿದ್ದೇವೆ ಬೇಟಾ’ ಎನ್ನುತ್ತಾರೆ. ಆ ಮಾತಿಗೆ ಎದ್ದು ಬರಬಾರದು. ಇನ್ನೊಂದು ಲೋಟ ಚಹಾ ಕುಡಿದು, ಮತ್ತೆ ಕೇಳಬೇಕು.