ಬೈಕಿನ ಬಣ್ಣದ ನೀರು

ಹಳೆಯ ಯೆಜ್ಡಿ ಬೈಕಿನ ಎಂಜಿನ್ನನ್ನು ಹತ್ತಿರದಿಂದ ನೋಡಿದವರಿಗೆ ಅದರ ಸುತ್ತ ಒಂದರ ಮೇಲೊಂದು ಜೋಡಿಸಿಟ್ಟಂತೆ ಕಾಣುವ ಲೋಹದ ರೆಕ್ಕೆಗಳು ನೆನಪಿರಬಹುದು. ಅವು ಅಂದಕ್ಕಾಗಿ ಇದ್ದವಲ್ಲ. ಎಂಜಿನ್ ಗಾಳಿಗೆ ಮೈಯೊಡ್ಡುವ ಜಾಗ ಹೆಚ್ಚಲಿ, ಬಿಸಿ ಬೇಗ ಹೊರಹೋಗಲಿ ಎಂದು ಮಾಡಿದ ಉಪಾಯ ಅದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಬೈಕುಗಳು ಹೀಗೆ ಗಾಳಿಯನ್ನೇ ನಂಬಿದ್ದವು. ಆ ಕಾಲದ ಸವಾರನಿಗೆ ತಿಳಿದಿರಬೇಕಾದದ್ದು ಪೆಟ್ರೋಲು, ಆಯಿಲು, ಚೈನು ಮತ್ತು ಟೈರಿನ ಗಾಳಿ. ಬೈಕಿಗೆ ನೀರು ಹಾಕುವುದೆಂದರೆ ತೊಳೆಯುವುದು ಎಂದೇ ಅರ್ಥವಿತ್ತು.

ಈಗ ಹಾಗಿಲ್ಲ. 2008ರಲ್ಲಿ ಯಮಹಾ ಆರ್15 ಬಂದಾಗ 150 ಸಿ.ಸಿ.ಯ ಪುಟ್ಟ ಎಂಜಿನ್ನಿಗೂ ಕಾರಿನಂತೆ ರೇಡಿಯೇಟರ್ ಇರುವುದನ್ನು ನಮ್ಮ ಹುಡುಗರು ಬೆರಗಿನಿಂದ ನೋಡಿದರು. 2018ರಲ್ಲಿ ಮತ್ತೆ ಹುಟ್ಟಿಬಂದ ಜಾವಾ ಬೈಕಿನಲ್ಲಿ ಹಳೆಯ ನೆನಪಿಗೆ ರೆಕ್ಕೆಗಳೂ ಇವೆ, ಕೆಲಸಕ್ಕೆ ರೇಡಿಯೇಟರೂ ಇದೆ. ಕಾರಣ ಸರಳ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರ ತಿರುಗಿಸಲು ಸಿಗುತ್ತದೆ. ಉಳಿದದ್ದು ಶಾಖವಾಗಿ ಸೈಲೆನ್ಸರಿನಿಂದಲೂ ಎಂಜಿನ್ನಿನ ಗೋಡೆಗಳಿಂದಲೂ ಹೊರಬೀಳಬೇಕು. ಚಿಕ್ಕ ಎಂಜಿನ್ನಿನಿಂದ ಹೆಚ್ಚು ಕೆಲಸ ತೆಗೆಸಿದಷ್ಟೂ ಬಿಸಿ ಹೆಚ್ಚು. ಸಿಗ್ನಲ್ಲಿನಲ್ಲಿ ನಿಂತ ಬೈಕಿಗೆ ಗಾಳಿಯೂ ಬೀಸುವುದಿಲ್ಲ. ಆಗ ಎಂಜಿನ್ನಿನ ಒಳಗಿನ ಕಾಲುವೆಗಳಲ್ಲಿ ದ್ರವವೊಂದನ್ನು ಹರಿಸಿ, ಬಿಸಿಯನ್ನು ಹೊತ್ತು ತಂದು, ರೇಡಿಯೇಟರಿನಲ್ಲಿ ಫ್ಯಾನಿನ ಗಾಳಿಗೆ ಒಡ್ಡಬೇಕಾಗುತ್ತದೆ. ಆ ದ್ರವವೇ ಕೂಲೆಂಟ್. ಚಿಕ್ಕ ಬೈಕಿನಲ್ಲಿ ಅದು ಒಂದು ಲೀಟರಿನ ಆಸುಪಾಸು ಇರುತ್ತದೆ, ಅಷ್ಟೇ.

ಇಷ್ಟು ಚಿಕ್ಕ ವಿಷಯಕ್ಕೆ ಒಂದು ಮನೆಯಲ್ಲಿ ತಿಂಗಳುಗಟ್ಟಲೆ ಮನಸ್ತಾಪ ನಡೆಯಬಹುದು ಎಂದರೆ ನಗಬೇಡಿ. ತುಮಕೂರಿನಲ್ಲಿ ನಡೆದದ್ದು ಅದೇ.

ತಂದೆ ಸರ್ಕಾರಿ ನೌಕರ. ಇಪ್ಪತ್ತು ವರ್ಷ ಒಂದೇ 100 ಸಿ.ಸಿ. ಬೈಕಿನಲ್ಲಿ ಕಚೇರಿಗೆ ಹೋಗಿಬಂದವರು. ಮಗನಿಗೆ ಹತ್ತೊಂಬತ್ತು ತುಂಬಿ, ಕಾಲೇಜು ಊರಾಚೆಗೆ ಬಿದ್ದಾಗ, ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಕೊಡಿಸಿದರು. ರೇಡಿಯೇಟರ್ ಇದ್ದ ಬೈಕು. ಎರಡು ತಿಂಗಳಾಗುವಷ್ಟರಲ್ಲಿ ಮೀಟರಿನಲ್ಲಿ ಕೆಂಪು ದೀಪ ಹತ್ತಿತು. ಪಕ್ಕದ ಪುಟ್ಟ ಪ್ಲಾಸ್ಟಿಕ್ ಡಬ್ಬಿ ನೋಡಿದರೆ ತಳ ಕಂಡಿತ್ತು.

"ನೀನು ಓಡಿಸೋ ಸ್ಪೀಡಿಗೆ ನೀರೆಲ್ಲ ಆವಿಯಾಗಿ ಹೋಗಿದೆ ಕಣೋ" ಎಂದರು ತಂದೆ.

"ಇಲ್ಲಪ್ಪ, ನಾನು ಅರವತ್ತು ದಾಟಿಲ್ಲ. ಇದು ಮೊದಲೇ ಕೆಟ್ಟಿದ್ದ ಗಾಡಿ ಇರಬೇಕು" ಎಂದ ಮಗ.

ಮಾತಿನಲ್ಲಿ ಇಬ್ಬರಿಗೂ ನೋವಾಯಿತು. ಒಬ್ಬರಿಗೆ ತಮ್ಮ ಆಯ್ಕೆಯನ್ನು ಹಳಿದನಲ್ಲ ಎಂದು. ಇನ್ನೊಬ್ಬನಿಗೆ ತನ್ನನ್ನು ಪೋಲಿ ಹುಡುಗರ ಸಾಲಿಗೆ ಸೇರಿಸಿದರಲ್ಲ ಎಂದು. ಮೆಕ್ಯಾನಿಕ್ಕನನ್ನು ಕೇಳಿದರೆ, "ಕಮ್ಮಿ ಆದಾಗ ಹಾಕ್ತಾ ಇರಿ ಸಾರ್, ಏನೂ ಆಗಲ್ಲ" ಎಂದುಬಿಟ್ಟ.

ಏನನ್ನು ಹಾಕುವುದು? ತಂದೆಯ ಪ್ರಶ್ನೆ ನ್ಯಾಯವಾದದ್ದೇ. ಕೂಲೆಂಟ್ ಡಬ್ಬದ ಮೇಲೆ 'ಆಂಟಿ-ಫ್ರೀಜ್' ಎಂದಿತ್ತು. "ನಮ್ಮ ತುಮಕೂರಲ್ಲೇನು ಹಿಮ ಬೀಳುತ್ತಾ? ನಲ್ಲಿ ನೀರಿಗಿಂತ ಇದು ಹೆಚ್ಚೇನು ಮಾಡುತ್ತೆ?" ಎಂದು ಅವರು ಎರಡು ಸಲ ಮನೆಯ ಬೋರ್‌ವೆಲ್ ನೀರನ್ನೇ ಸುರಿದರು. ಮಗನಿಗೆ ಹೇಳಲಿಲ್ಲ.

ಶಾಖ ಹೊರುವ ಕೆಲಸದಲ್ಲಿ ನೀರನ್ನು ಮೀರಿಸುವ ದ್ರವ ಸುಲಭಕ್ಕೆ ಸಿಗದು. ಒಂದು ಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 4.2 ಜೂಲ್ ಶಾಖ ಬೇಕು. ಕೂಲೆಂಟಿನ ಇನ್ನೊಂದು ಭಾಗವಾದ ಎಥಿಲೀನ್ ಗ್ಲೈಕಾಲಿಗೆ ಸುಮಾರು 2.4 ಸಾಕು. ಇವೆರಡರ ಅರ್ಧರ್ಧ ಮಿಶ್ರಣಕ್ಕೆ 3.5ರ ಹತ್ತಿರ. ಅಂದರೆ ಗ್ಲೈಕಾಲ್ ಬೆರೆಸಿದರೆ ತಂಪು ಮಾಡುವ ಶಕ್ತಿ ಸ್ವಲ್ಪ ಕಡಿಮೆಯೇ ಆಗುತ್ತದೆ! ಹೆಸರು ಕೂಲೆಂಟ್ ಎಂದಿದ್ದರೂ ತಂಪು ಮಾಡುವುದು ಅದರೊಳಗಿನ ನೀರು. ಮತ್ತೇಕೆ ಗ್ಲೈಕಾಲ್?

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ದ್ರಾವಣಗಳ ಪಾಠ ಓದಿದವರಿಗೆ ಉತ್ತರ ಗೊತ್ತಿರಬೇಕು. 45 ಗ್ರಾಂ ಎಥಿಲೀನ್ ಗ್ಲೈಕಾಲನ್ನು 600 ಗ್ರಾಂ ನೀರಿಗೆ ಬೆರೆಸಿದರೆ ಹೆಪ್ಪುಗಟ್ಟುವ ಬಿಂದು ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಅಲ್ಲಿದೆ. ಉತ್ತರ ಸುಮಾರು 2.2 ಡಿಗ್ರಿ. ಲೆಕ್ಕ ಬಿಡಿಸಿ ಪೂರ್ತಿ ಅಂಕ ಪಡೆದವರಲ್ಲಿ ಎಷ್ಟು ಮಂದಿಗೆ ಅದು ತಮ್ಮ ಬೈಕಿನ ಡಬ್ಬಿಯ ಲೆಕ್ಕ ಎಂದು ಹೊಳೆದೀತು? ಪಾಠ ಹೇಳುವವರೂ ಕಾಲೇಜಿನ ಸ್ಟ್ಯಾಂಡಿನವರೆಗೆ ಮಕ್ಕಳನ್ನು ಕರೆದೊಯ್ಯುವುದು ಅಪರೂಪ. ಅರ್ಧರ್ಧ ಬೆರೆಸಿದ ಕೂಲೆಂಟ್ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು. ಬೈಕಿನಲ್ಲಿ ಲಡಾಖಿಗೆ ಹೋಗುವ ಬೆಂಗಳೂರಿನ ಹುಡುಗರಿಗೆ ಇದು ಬೇಕು. ನೀರು ಹೆಪ್ಪುಗಟ್ಟಿದರೆ ಶೇ 9ರಷ್ಟು ಹಿಗ್ಗಿ ಎಂಜಿನ್ನನ್ನೇ ಸೀಳಬಲ್ಲದು.

ನಮ್ಮೂರಲ್ಲಿ ಬೇಕಾದದ್ದು ಇದರ ಇನ್ನೊಂದು ಮುಖ, ಕುದಿಬಿಂದುವಿನ ಏರಿಕೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಬೇಸಿಗೆಯ ಟ್ರಾಫಿಕ್ಕಿನಲ್ಲಿ ಎಂಜಿನ್ನಿನ ನೀರು ಈ ಮಟ್ಟ ಮುಟ್ಟುವುದು ದೊಡ್ಡ ಮಾತಲ್ಲ. ಕುದಿದರೆ ಆವಿಯ ಗುಳ್ಳೆಗಳೆದ್ದು ಲೋಹದ ಗೋಡೆಗೆ ದ್ರವ ತಾಗುವುದೇ ತಪ್ಪುತ್ತದೆ. ಗ್ಲೈಕಾಲ್ ಕುದಿಬಿಂದುವನ್ನು ಏಳೆಂಟು ಡಿಗ್ರಿ ಮೇಲೇರಿಸುತ್ತದೆ. ಉಳಿದ ಕೆಲಸ ರೇಡಿಯೇಟರಿನ ಮುಚ್ಚಳದ್ದು. ಅದರ ಸ್ಪ್ರಿಂಗು ಒಳಗಿನ ಒತ್ತಡವನ್ನು ಹೆಚ್ಚೂಕಡಿಮೆ ಅಡುಗೆಮನೆಯ ಪ್ರೆಶರ್ ಕುಕ್ಕರಿನಷ್ಟೇ ಏರಿಸಿ ಹಿಡಿಯುತ್ತದೆ. ಆ ಒತ್ತಡದಲ್ಲಿ ಬರಿಯ ನೀರೂ ಕುದಿಯುವುದು 120 ಡಿಗ್ರಿಯ ಸುಮಾರಿಗೆ. ವಿಷಲ್ ಕೂಗುತ್ತಿರುವ ಕುಕ್ಕರಿನ ಮುಚ್ಚಳ ತೆರೆಯಲು ಯಾವ ತಾಯಿಯೂ ಮಕ್ಕಳನ್ನು ಬಿಡುವುದಿಲ್ಲ. ಬಿಸಿ ಬೈಕಿನ ರೇಡಿಯೇಟರ್ ಮುಚ್ಚಳವೂ ಅದೇ ಜಾತಿಯದು. ಬಟ್ಟೆ ಸುತ್ತಿ ಮೆಲ್ಲಗೆ ತಿರುಗಿಸಿದರೆ ಆದೀತು ಎಂಬ ಧೈರ್ಯ ಬೇಡ. ಒಳಗಿನದು ಮುಖಕ್ಕೇ ಚಿಮ್ಮುತ್ತದೆ.

ಇನ್ನು ಬೋರ್‌ವೆಲ್ ನೀರು. ಬಚ್ಚಲುಮನೆಯ ಹಂಡೆಯ ಒಳಮೈಗೆ ಬೆರಳಾಡಿಸಿ ನೋಡಿ. ಬಿಳಿಯ ಗರಸು ಪದರ ಸಿಗುತ್ತದೆ. ತುಮಕೂರು, ಕೋಲಾರ, ಚಿತ್ರದುರ್ಗದ ಕಡೆಯ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಗೆ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಹಂಡೆಗಾದರೆ ಸೌದೆ ಸ್ವಲ್ಪ ಹೆಚ್ಚು ಬೇಕಾದೀತು. ರೇಡಿಯೇಟರಿನ ಕೊಳವೆಗಳಾದರೋ ಬಹಳ ಸಣ್ಣವು. ಆ ಪದರವೂ ಅಲ್ಯೂಮಿನಿಯಂನಂತೆ ಶಾಖವನ್ನು ದಾಟಿಸುವುದಿಲ್ಲ. ಜೊತೆಗೆ ನೀರಿನ ಲವಣಗಳು ಅಲ್ಯೂಮಿನಿಯಂ ಗೋಡೆಯನ್ನು ಕೊರೆಯುತ್ತವೆ. ಕೂಲೆಂಟಿನಲ್ಲಿ ಶೇಕಡಾ ಕೆಲವೇ ಪಾಲಿರುವ ತುಕ್ಕುನಿರೋಧಕಗಳೇ ಎಂಜಿನ್ನಿನ ನಿಜವಾದ ಕಾವಲುಗಾರರು. ನಲ್ಲಿ ನೀರು ಸುರಿದಾಗ ಕಾವಲುಗಾರರ ಸಂಖ್ಯೆ ಇಳಿಯಿತು, ಕಳ್ಳರ ಸಂಖ್ಯೆ ಏರಿತು ಎಂದ ಹಾಗಾಯಿತು.

ಮಗನೂ ಸುಮ್ಮನಿರಲಿಲ್ಲ. ಡಬ್ಬಿಯಲ್ಲಿದ್ದದ್ದು ಹಸಿರು ಎಂದು ಅಂಗಡಿಯಿಂದ ಹಸಿರು ಬಣ್ಣದ್ದನ್ನೇ ತಂದು ಬೆರೆಸಿದ್ದ. ಇದು ಎಲ್ಲ ಕಡೆ ನಡೆಯುವ ತಪ್ಪು. ಕೂಲೆಂಟಿನ ಬಣ್ಣ ಬರಿಯ ಬಣ್ಣ. ಸೋರಿಕೆ ಕಣ್ಣಿಗೆ ಬೀಳಲಿ, ಕುಡಿಯುವ ನೀರಿನೊಂದಿಗೆ ಗೊಂದಲವಾಗದಿರಲಿ ಎಂದು ಕಂಪೆನಿಗಳು ಬೆರೆಸುವ ಬಣ್ಣ ಅದು. ಒಬ್ಬರ ಹಸಿರು ಇನ್ನೊಬ್ಬರ ಹಸಿರಲ್ಲ. ಒಂದರಲ್ಲಿ ಸಿಲಿಕೇಟ್ ಇದ್ದೀತು, ಇನ್ನೊಂದರಲ್ಲಿ ಫಾಸ್ಫೇಟ್, ಮತ್ತೊಂದರಲ್ಲಿ ಸಾವಯವ ಆಮ್ಲದ ಲವಣಗಳು. ಸಿಲಿಕೇಟ್ ಪಂಪಿನ ಸೀಲನ್ನು ಸವೆಸುತ್ತದೆಂದು ಹಲವು ಜಪಾನಿ ಕಂಪೆನಿಗಳು ಅದನ್ನು ಬೇಡವೆನ್ನುತ್ತವೆ. ಗಡಸು ನೀರಿನೊಂದಿಗೆ ಫಾಸ್ಫೇಟ್ ಸೇರಿದರೆ ಕಿಟ್ಟ ಕಟ್ಟುತ್ತದೆಂದು ಯೂರೋಪಿನವರಿಗೆ ಅದು ಬೇಡ. ಬೇರೆ ಬೇರೆ ಜಾತಿಯವು ಬೆರೆತರೆ ಒಂದರ ಗುಣವನ್ನು ಇನ್ನೊಂದು ಕೆಡಿಸಬಹುದು, ಕೆಲವೊಮ್ಮೆ ಲೋಳೆಗಟ್ಟಲೂಬಹುದು. ಆದ್ದರಿಂದ ನೋಡಬೇಕಾದದ್ದು ಬೈಕಿನೊಂದಿಗೆ ಬರುವ ಕೈಪಿಡಿಯನ್ನು, ಆಮೇಲೆ ಡಬ್ಬದ ಹಿಂಭಾಗದ ಸಣ್ಣ ಅಕ್ಷರಗಳನ್ನು. ಅಲ್ಯೂಮಿನಿಯಂ ಎಂಜಿನ್ನಿಗೆ ತಕ್ಕದ್ದೇ, ಕೈಪಿಡಿ ಬೇಡವೆಂದರೆ ಸಿಲಿಕೇಟ್ ಇಲ್ಲದ್ದೇ, ನೇರವಾಗಿ ಸುರಿಯುವಂಥದ್ದೇ ಅಥವಾ ನೀರು ಬೆರೆಸಬೇಕಾದ ಗಟ್ಟಿ ದ್ರವವೇ, ಇಷ್ಟು ನೋಡಿಕೊಂಡರೆ ಸಾಕು.

ಗಟ್ಟಿ ದ್ರವವನ್ನು ಹಾಗೆಯೇ ಸುರಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ಅಲ್ಲ. ಅದು ಶಾಖ ಹೊರುವುದು ಕಡಿಮೆ, ಹರಿಯುವುದೂ ನಿಧಾನ. ಇನ್ನೂ ಸೋಜಿಗವೆಂದರೆ ಶುದ್ಧ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಬೆರೆಸಬೇಕಾದದ್ದು ಬಟ್ಟಿ ಇಳಿಸಿದ ನೀರು ಅಥವಾ ಬ್ಯಾಟರಿಗೆಂದು ಮಾರುವ ಲವಣರಹಿತ ನೀರು. ಅಂಗಡಿಯಲ್ಲಿ ಪಕ್ಕದಲ್ಲೇ ಬ್ಯಾಟರಿಯ ಆಸಿಡ್ಡೂ ಇರುತ್ತದೆ. ಹೆಸರು ಓದಿಯೇ ಕೊಳ್ಳಿ.

ಅತ್ತ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಬೈಕ್ ಮಾರಿ ಮಗನಿಗೆ ಬಸ್ ಪಾಸ್ ಮಾಡಿಸುವುದೆಂದು ತಂದೆ ನಿಶ್ಚಯಿಸಿದ್ದರು. ಹುಡುಗ ಒಂದು ತಿಂಗಳ ಗಡುವು ಕೇಳಿಕೊಂಡ. ಡಬ್ಬಿಯ ಮೇಲಿನ ಮೇಲ್ಮಟ್ಟ, ಕೆಳಮಟ್ಟದ ಗೆರೆಗಳ ಪಕ್ಕ ಗ್ರಾಫ್ ಕಾಗದದ ಪಟ್ಟಿ ಅಂಟಿಸಿದ. ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ಶುರು ಮಾಡುವ ಮೊದಲು, ಜಗಲಿಯ ಅದೇ ಜಾಗದಲ್ಲಿ ತಂಗಿಯಿಂದ ಬೈಕ್ ನೆಟ್ಟಗೆ ಹಿಡಿಸಿ ಮಟ್ಟ ಬರೆದುಕೊಂಡ. ಸೈಡ್ ಸ್ಟ್ಯಾಂಡಿನಲ್ಲಿ ಓರೆಯಾದ ಡಬ್ಬಿ ಸುಳ್ಳು ಹೇಳುತ್ತದೆ. ಬಿಸಿಯಾದಾಗ ಹಿಗ್ಗಿದ ದ್ರವ ರೇಡಿಯೇಟರಿನಿಂದ ಡಬ್ಬಿಗೆ ಬಂದಿರುತ್ತದೆ, ತಣಿದ ಮೇಲೆ ಅದನ್ನು ರೇಡಿಯೇಟರ್ ಮತ್ತೆ ಹೀರಿಕೊಳ್ಳುತ್ತದೆ. ಆದ್ದರಿಂದ ತಣ್ಣಗಿರುವಾಗಿನ ಮಟ್ಟವೇ ಲೆಕ್ಕ. ತುಂಬುವುದೂ ಈ ಡಬ್ಬಿಗೇ, ಮೇಲಿನ ಗೆರೆ ದಾಟದಂತೆ.

ಮೊದಲ ವಾರ ನಾಲ್ಕು ಮಿಲಿಮೀಟರ್ ಇಳಿಯಿತು. ಎರಡನೆಯ ವಾರವೂ ನಾಲ್ಕು. ಮೂರನೆಯ ವಾರ ಪರೀಕ್ಷೆ. ಹುಡುಗ ಬೈಕ್ ಮುಟ್ಟಲೇ ಇಲ್ಲ. ಆದರೂ ಒಂದೂವರೆ ಮಿಲಿಮೀಟರ್ ಇಳಿದಿತ್ತು. ಪುಸ್ತಕ ತಂದು ತಂದೆಯ ಮುಂದಿಟ್ಟ. ಅವರು ಕನ್ನಡಕ ಹಾಕಿಕೊಂಡು ಮೂರು ಸಾಲನ್ನೂ ಎರಡೆರಡು ಸಲ ಓದಿದರು. ನಿಂತ ಗಾಡಿಗೆ ಸ್ಪೀಡೆಲ್ಲಿಂದ ಬರಬೇಕು? ಆ ರಾತ್ರಿ ಬೈಕಿನ ಕೆಳಗೆ ಹಳೆಯ ಪೇಪರ್ ಹಾಸಿದವರು ಅವರೇ. ಬೆಳಿಗ್ಗೆ ಅದರ ಮೇಲೆ ಒಂದು ರೂಪಾಯಿಯಗಲದ ಹಸಿರು ಕಲೆ ಇತ್ತು.

ಕೂಲೆಂಟಿನ ದಾರಿ ಮುಚ್ಚಿದ ದಾರಿ. ಪೆಟ್ರೋಲಿನಂತೆ ಅದು ಖರ್ಚಾಗುವ ವಸ್ತುವಲ್ಲ. ವರ್ಷಕ್ಕೆ ಅಷ್ಟಿಷ್ಟು ಇಳಿದರೆ ಚಿಂತೆಯಿಲ್ಲ, ವಾರವಾರ ಇಳಿದರೆ ಅದು ಎಲ್ಲಿಗೋ ಹೋಗುತ್ತಿದೆ. ಹೋಸಿನ ಕ್ಲಿಪ್ಪಿನಲ್ಲಿ, ರೇಡಿಯೇಟರಿನ ಸಂದಿಯಲ್ಲಿ, ಇಲ್ಲವೇ ಎಂಜಿನ್ನಿನೊಳಗೆ. ಒಳಗೇ ಹೋಗುತ್ತಿದ್ದರೆ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಆಗ ಬೈಕ್ ಓಡಿಸಲೇಬಾರದು. ಇಲ್ಲಿ ಹಸಿರು ಕಲೆ ಇದ್ದದ್ದು ನೀರಿನ ಪಂಪಿನ ಕೆಳಗೆ. ಆ ಜಾಗದಲ್ಲಿ ತಯಾರಕರು ಬೇಕೆಂದೇ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಪಂಪಿನ ಸೀಲ್ ಸವೆದರೆ ಕೂಲೆಂಟ್ ಆಯಿಲಿಗೆ ಸೇರದೆ ಹೊರಗೆ ತೊಟ್ಟಿಕ್ಕಿ ಸುಳಿವು ಕೊಡಲಿ ಎಂದು. ಮೆಕ್ಯಾನಿಕ್ ಅದನ್ನು ನೋಡಿ, "ಒಂದು ಚೂರು ಎಂ-ಸೀಲ್ ಮೆತ್ತಿಬಿಡೋಣ ಸಾರ್" ಎಂದ. ತಂದೆ ಒಪ್ಪಲಿಲ್ಲ. ಬೇರೆ ಕಡೆ ಸೀಲ್ ಬದಲಾಯಿಸಿದರು. ಬೈಕ್ ಮಾರಿದ್ದರೆ ಆಗುತ್ತಿದ್ದ ನಷ್ಟದ ಮುಂದೆ ಆ ಖರ್ಚು ಏನೂ ಅಲ್ಲ. ಹಳೆಯ ಕೂಲೆಂಟ್ ಇಳಿಸಿದಾಗ ಅದು ತೆಳು ಹಸಿರಾಗಿ, ಬಿಳಿಯ ಪುಡಿಯೊಂದಿಗೆ ಬಂತು. ಬೋರ್‌ವೆಲ್ ನೀರಿನ ಸಂಗತಿ ಆಗ ಹೊರಬಿತ್ತು. ಮಗ ಏನೂ ಅನ್ನಲಿಲ್ಲ. ಲವಣರಹಿತ ನೀರಿನಲ್ಲಿ ಒಳಗೆಲ್ಲ ತೊಳೆಸಿ, ಕೈಪಿಡಿ ಹೇಳಿದ್ದನ್ನೇ ತುಂಬಿಸಿದರು.

ಇಳಿಸಿದ ಆ ಹಳೆಯ ದ್ರವದ ಬಗ್ಗೆ ತಂದೆತಾಯಿಗಳಿಗೆ ಒಂದು ಮಾತು. ಬಹಳ ಗ್ಯಾರೇಜುಗಳಲ್ಲಿ ಅದನ್ನು ಚರಂಡಿಗೆ ಚೆಲ್ಲುತ್ತಾರೆ, ಅಗಲ ಬಾಯಿಯ ತಟ್ಟೆಯಲ್ಲಿ ಬಿಟ್ಟಿರುತ್ತಾರೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಬೀದಿನಾಯಿ, ಬೆಕ್ಕುಗಳು ನೆಕ್ಕುತ್ತವೆ. ಬೆಕ್ಕೊಂದು ಸಾಯಲು ಒಂದೆರಡು ಚಮಚ ಸಾಕು. ಹೊಟ್ಟೆಗೆ ಹೋದ ಗ್ಲೈಕಾಲ್ ಯಕೃತ್ತಿನಲ್ಲಿ ಆಕ್ಸಾಲಿಕ್ ಆಮ್ಲವಾಗಿ ಬದಲಾಗುತ್ತದೆ, ಅದು ಕ್ಯಾಲ್ಸಿಯಂನೊಂದಿಗೆ ಸೇರಿ ಹರಳುಗಟ್ಟಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವುದು ಇದೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿಂದ. ಅಲ್ಲಿ ತುರಿಕೆ, ಇಲ್ಲಿ ಪ್ರಾಣ. ಚಿಕ್ಕ ಮಗು ಗುಟುಕು ಕುಡಿದಿದೆ ಎಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ, ಡಬ್ಬವನ್ನೂ ಹಿಡಿದುಕೊಂಡು ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕು. ಇದಕ್ಕೆ ಮದ್ದು ಇದೆ, ಆದರೆ ಹೊತ್ತು ಮೀರಬಾರದು. ಮೊದಮೊದಲು ಕುಡಿದವರಂತೆ ತೂರಾಡುವುದು ಬಿಟ್ಟರೆ ಬೇರೆ ಲಕ್ಷಣ ಕಾಣದೆ ಇರಬಹುದು.

ಉಳಿದ ಕೂಲೆಂಟನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಹಸಿರು ಬಣ್ಣ, ಸಿಹಿ ರುಚಿ, ಪರಿಚಿತ ಬಾಟಲಿ, ಬೇಸಿಗೆ ರಜೆಗೆ ಬಂದ ಮಕ್ಕಳು. ಅದನ್ನು ಬಂದ ಡಬ್ಬದಲ್ಲಿಯೇ, ಮುಚ್ಚಳ ಬಿಗಿ ಮಾಡಿ, ಅಟ್ಟದ ಮೇಲಿಡಿ.