ಸಾಬೀತು

ನಾನು ಕೊಟ್ಟ ತಲೆಬರಹಗಳಲ್ಲಿ ಇವತ್ತಿಗೂ ಮರೆಯದೆ ಉಳಿದಿರುವುದು ಒಂದೇ: ‘ಹಣ ದುರ್ಬಳಕೆ: ಗುಮಾಸ್ತನ ದೋಷ ಸಾಬೀತು’. ಐದು ಪದಗಳಲ್ಲಿ ಆತ ಗುಮಾಸ್ತ ಅನ್ನುವುದೊಂದೇ ನಿಜವಾಗಿತ್ತು.

ಆಗ ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಸೇರಿ ಏಳು ತಿಂಗಳಾಗಿತ್ತು. ಸಹಕಾರ ಸಂಘವೊಂದರ ಗುಮಾಸ್ತನ ಮೇಲೆ ನ್ಯಾಯಾಲಯ ‘ದೋಷಾರೋಪ ಹೊರಿಸಿದೆ’ ಎಂದು ತಾಲ್ಲೂಕು ವರದಿಗಾರ ನಾಲ್ಕು ಸಾಲು ಕಳಿಸಿದ್ದ. ರಾತ್ರಿ ಹನ್ನೊಂದೂವರೆ, ಪುಟ ಅಚ್ಚಿಗೆ ಹೋಗುವ ಹೊತ್ತು. ಕೋರ್ಟೇ ದೋಷ ಹೊರಿಸಿದ ಮೇಲೆ ಇನ್ನೇನು ಬಾಕಿ ಅಂದುಕೊಂಡೆ. ಆ ಪದದ ಅರ್ಧವನ್ನು ಮಾತ್ರ ಓದಿದ್ದೆ.

ಮೂರನೆಯ ದಿನ ಆತನ ಮಗಳು ಕಚೇರಿಗೆ ಬಂದಳು, ಕಾಲೇಜಿನ ಬ್ಯಾಗು ಹೆಗಲಲ್ಲೇ ಇತ್ತು. “ಸರ್, ಅಪ್ಪನ ಕೇಸಲ್ಲಿ ಇನ್ನೂ ಒಂದು ಸಾಕ್ಷೀನೂ ಆಗಿಲ್ಲ. ತೀರ್ಪು ನಿಮಗೆ ಯಾರು ಹೇಳಿದ್ರು?” ಅಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಮಾರನೆಯ ದಿನ ತಿದ್ದುಪಡಿ ಬಂತು: ಒಳಪುಟದಲ್ಲಿ, ಅಡಿಕೆ ಧಾರಣೆಯ ಕೆಳಗೆ, ಮೂರು ಸಾಲು.

ಸಂಪಾದಕರು ಬೈಯಲಿಲ್ಲ, ನನ್ನನ್ನು ಕೋರ್ಟ್ ವರದಿಗೆ ಹಾಕಿದರು. ಅಲ್ಲಿನ ಕ್ಯಾಂಟೀನಿನಲ್ಲಿ ಹಿರಿಯ ವಕೀಲರೊಬ್ಬರು ಸಿಕ್ಕರು. ಅರ್ಧ ಚಹಾಕ್ಕೆ ಒಂದು ಪದದಂತೆ ಕಲಿಸಿದರು. ತನಿಖೆ ಮುಗಿಸಿ ಪೊಲೀಸರು ಸಲ್ಲಿಸುವ ದೋಷಾರೋಪ ಪಟ್ಟಿ ಪೊಲೀಸರ ಮಾತು, ಅಷ್ಟೇ. ಅದನ್ನು ನೋಡಿ, ವಿಚಾರಣೆ ನಡೆಸುವಷ್ಟು ಹುರುಳಿದೆ ಅನ್ನಿಸಿದರೆ ನ್ಯಾಯಾಧೀಶರು ಆರೋಪ ನಿಗದಿ ಮಾಡುತ್ತಾರೆ. ಅದನ್ನು ಓದಿ ಹೇಳಿ, ಒಪ್ಪಿಕೊಳ್ಳುತ್ತೀಯೋ ಇಲ್ಲವೋ ಎಂದು ಆರೋಪಿಯನ್ನು ಕೇಳುತ್ತಾರೆ. ನಾನು ಮುಕ್ತಾಯ ಅಂದುಕೊಂಡಿದ್ದು ಅಸಲಿಗೆ ಆರಂಭ. ಸಾಕ್ಷಿಗಳ ಮುಖ್ಯ ವಿಚಾರಣೆ, ಪಾಟಿಸವಾಲು, ಆರೋಪಿಯ ಹೇಳಿಕೆ, ವಾದ, ಎಲ್ಲ ಅದರ ನಂತರ. ‘ಪ್ರತಿಕೂಲ ಸಾಕ್ಷಿ’ ಅಂದರೆ ಅವನ ಮಾತೆಲ್ಲ ಕಸದ ಬುಟ್ಟಿಗೆ ಅಂತಲೂ ನಾನು ತಿಳಿದಿದ್ದೆ. ಹಾಗಲ್ಲವಂತೆ, ನಂಬಬಹುದಾದಷ್ಟನ್ನು ಕೋರ್ಟು ಉಳಿಸಿಕೊಳ್ಳಬಹುದು.

ಒಂದು ದಿನ ಜ್ಯೂರಿಯ ಮಾತು ಬಂತು. ನಮ್ಮ ಭಾಷೆಯಲ್ಲಿ ‘ತೀರ್ಪುಗಾರರು’ ಅಂದರೆ ರಂಗೋಲಿ ಸ್ಪರ್ಧೆ ನೆನಪಾಗುತ್ತದೆ, ಕೊಲೆ ಕೇಸಲ್ಲ. ಆದರೆ 1959ರಲ್ಲಿ ಮುಂಬಯಿಯ ಸೆಷನ್ಸ್ ಕೋರ್ಟಿನಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿಯ ಅಳಿವು ಉಳಿವು ಒಂಬತ್ತು ಸಾಮಾನ್ಯ ನಾಗರಿಕರ ಕೈಲಿತ್ತು. ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ ಆರೋಪ. ಜ್ಯೂರಿ ಒಳಕೋಣೆಯಲ್ಲಿ ಸಮಾಲೋಚಿಸಿ, ಎಂಟಕ್ಕೆ ಒಂದರಂತೆ, ತಪ್ಪಿತಸ್ಥನಲ್ಲ ಎಂದಿತು. ಯಾಕೆ ಅಂತ ಬರೆದುಕೊಡುವ ಹಂಗು ಜ್ಯೂರಿಗಿಲ್ಲ. ನ್ಯಾಯಾಧೀಶರು ಮಾತ್ರ ಕಾರಣ ಬರೆಯದೆ ತೀರ್ಪು ಕೊಡುವಂತಿಲ್ಲ. ನಾವು ಎರಡಕ್ಕೂ ‘ತೀರ್ಪು’ ಅಂತಲೇ ಬರೆಯುತ್ತೇವೆ. ಆ ನಿರ್ಧಾರವನ್ನು ಒಪ್ಪದ ನ್ಯಾಯಾಧೀಶರು ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. (ಇದರಿಂದಲೇ ಜ್ಯೂರಿ ರದ್ದಾಯಿತು ಅನ್ನುವುದು ರೂಢಿಯ ಮಾತು. ಕಾನೂನು ಆಯೋಗ 1958ರಲ್ಲೇ ಅದು ಬೇಡ ಅಂದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.)

“ಬ್ಲಿಟ್ಜ್ ವಾರಪತ್ರಿಕೆ ನಾನಾವತಿಯ ಪರ ಊರೆಲ್ಲ ಗದ್ದಲ ಎಬ್ಬಿಸಿತ್ತು,” ವಕೀಲರು ಲೋಟ ಕೆಳಗಿಟ್ಟರು. “ಜ್ಯೂರಿ ಹೋಯ್ತು ಅಂತ ಯಾರಯ್ಯ ಹೇಳಿದ್ದು? ನಿನ್ನ ಪೇಪರು ಓದೋ ಹೋಟೆಲಲ್ಲಿ ದಿನಾ ಕೂರುತ್ತೆ. ಅವರ ತೀರ್ಮಾನವನ್ನ ಹೈಕೋರ್ಟಿಗೆ ಕಳಿಸೋಕೆ ಜಡ್ಜ್ ಇಲ್ಲ, ಅಷ್ಟೇ ವ್ಯತ್ಯಾಸ.”

ಎರಡೂವರೆ ವರ್ಷದ ಮೇಲೆ ಗುಮಾಸ್ತನ ಕೇಸು ಮುಗಿಯಿತು. ಲೆಕ್ಕದ ಪುಸ್ತಕ ಇನ್ನೂ ಇಬ್ಬರ ಕೈಗೆ ಸಿಗುವಂತಿತ್ತು, ಆರೋಪ ಸಂಶಯಾತೀತವಾಗಿ ರುಜುವಾತಾಗಿಲ್ಲ, ಸಂಶಯದ ಲಾಭ ಕೊಟ್ಟು ಖುಲಾಸೆ. ನಾನೇ ಕೋರ್ಟಿನಲ್ಲಿದ್ದೆ. ಎದೆಯ ಮೇಲಿನ ಕಲ್ಲು ಇಳಿಸುವ ಆತುರ. ಮುಖಪುಟಕ್ಕೆ ಕೊಟ್ಟೆ: ‘ಗುಮಾಸ್ತ ನಿರಪರಾಧಿ ಎಂದು ಸಾಬೀತು’.

ಮರುದಿನ ವಕೀಲರು ಪತ್ರಿಕೆ ತೆರೆದಿಟ್ಟುಕೊಂಡೇ ಕೂತಿದ್ದರು. ‘ಸಾಬೀತು’ವಿನ ಸುತ್ತ ಕೆಂಪು ಶಾಯಿ. “ಯಾರು ಸಾಬೀತು ಮಾಡಿದ್ದು? ಅವನು ಏನನ್ನೂ ಸಾಬೀತು ಮಾಡಬೇಕಾಗಿರಲಿಲ್ಲ. ಆ ಹೊರೆ ಸರ್ಕಾರದ್ದು. ಅದಕ್ಕೆ ಹೊರೋಕಾಗಲಿಲ್ಲ. ಅವತ್ತು ದ್ವೇಷ ಇಲ್ಲದೆ ತಪ್ಪು ಬರೆದೆ, ಇವತ್ತು ಪ್ರೀತಿಯಿಂದ ತಪ್ಪು ಬರೆದಿದ್ದೀಯ.”

ಸಂಜೆ ಬಸ್ಸು ಹಿಡಿದು ಗುಮಾಸ್ತರ ಮನೆಗೆ ಹೋದೆ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಹೀಗೆ ಹೀಗೆ, ಮತ್ತೆ ತಪ್ಪಾಗಿದೆ, ನಾಳೆ ತಿದ್ದುಪಡಿ ಹಾಕುತ್ತೇವೆ ಅಂತ ತಡವರಿಸಿದೆ. ಅವರು ಎದ್ದು ಒಳಗಿನಿಂದ ಆ ಹಳೆಯ ಮೂರು ಸಾಲಿನ ಕತ್ತರಿಕೆ ತಂದರು. ಮಡಿಸಿ ಮಡಿಸಿ ಅಕ್ಷರ ಸವೆದಿತ್ತು.

“ಇದನ್ನ ಅಂಗಡಿಯಿಂದ ಅಂಗಡಿಗೆ ತೋರಿಸಿದೆ. ಯಾರೂ ಓದಲಿಲ್ಲ. ಇವತ್ತಿನ ಪೇಪರು ನಾನು ತೋರಿಸೋ ಮೊದಲೇ ಎಲ್ಲರೂ ಓದಿದ್ರು. ಈ ಒಂದು ತಪ್ಪನ್ನ ಹಾಗೇ ಬಿಟ್ಬಿಡಿ ಸ್ವಾಮಿ.”

ತಿದ್ದುಪಡಿ ಹಾಕಲಿಲ್ಲ.