ಹದಿನಾರನೆಯ ಕರೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಮನೆ ಮಾಡಿದವರಿಗೆ ಒಂದು ವಿಚಿತ್ರವಾದ ಅಭ್ಯಾಸ ಅಂಟಿಕೊಳ್ಳುತ್ತದೆ. ವಿದ್ಯುತ್ ಮಗ್ಗಗಳ ಸದ್ದಿನ ನಡುವೆ ಅವರು ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಸದ್ದು ನಿಂತೊಡನೆ ಎಚ್ಚರಗೊಳ್ಳುತ್ತಾರೆ. ಕರೆಂಟು ಹೋಯಿತೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ. ಗುಡುಗಿಗೆ ಏಳದ ತಾಯಿ ಕೂಸಿನ ಮೆಲುದನಿಗೆ ಏಳುವುದಿಲ್ಲವೆ, ಹಾಗೆ. ಯಾವ ಕರೆಗೆ ಏಳಬೇಕು, ಯಾವುದಕ್ಕೆ ಮಗ್ಗುಲು ಬದಲಿಸಿ ಸುಮ್ಮನಿರಬೇಕು ಎಂಬ ವಿವೇಕ ನಿದ್ರೆಗೂ ಉಂಟು.

ಗಣಕಯಂತ್ರಕ್ಕೂ ಈ ವಿವೇಕ ಬೇಕೆಂಬುದನ್ನು ನಾನು ಕಂಡದ್ದು ನಮ್ಮ ಬೀದಿಯ ನೇಕಾರರೊಬ್ಬರ ಮನೆಯಲ್ಲಿ. ಹಿಂದೆಲ್ಲ ಸೆರಗಿನ ಚಿತ್ತಾರಕ್ಕೆ ತೂತು ಕೊರೆದ ರಟ್ಟುಗಳ ಸರಮಾಲೆ ಬೇಕಾಗುತ್ತಿತ್ತು. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಎಂಬಾತ ರೂಪಿಸಿದ ಉಪಾಯ ಅದು. ಈ ಯಜಮಾನರ ಮಗ್ಗವಾದರೋ ರಟ್ಟನ್ನು ಬಿಟ್ಟು ಎಲೆಕ್ಟ್ರಾನಿಕ್ ಜಕಾರ್ಡಿಗೆ ಏರಿದೆ. ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆದು, ಪೆನ್‌ಡ್ರೈವಿಗೆ ಇಳಿಸಿ, ಮಗ್ಗಕ್ಕೆ ಉಣಿಸಿದರಾಯಿತು.

ಕಂಪ್ಯೂಟರು ಕೈಬದಲಾದ ಹಳೆಯ ಯಂತ್ರ. ಒಳಗಿರುವುದು ಕಾಸಿಲ್ಲದೆ ದೊರೆಯುವ ಲಿನಕ್ಸ್. ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿಯನ್ನು ಉಳಿಸಲೆಂದು ಅದನ್ನು ಮಲಗಿಸುವುದು ಮನೆಯ ರೂಢಿ. ಈ ನಿದ್ರೆಯಲ್ಲಿ ಮೆಮೊರಿಗೆ ಗುಟುಕು ವಿದ್ಯುತ್ತು ಸಿಗುತ್ತದೆ. ಉಳಿದ ಅಂಗಗಳು ಬಹುಮಟ್ಟಿಗೆ ಆರಿರುತ್ತವೆ. ಎದ್ದಾಗ ಅರ್ಧ ಬರೆದ ನವಿಲು ಅರ್ಧಕ್ಕೇ ಕಾದಿರುತ್ತದೆ.

ಮದುವೆಯ ಕಾಲದ ಒಂದು ವಾರ, ಎದ್ದ ಯಂತ್ರದಲ್ಲಿ ನವಿಲೇನೋ ಇತ್ತು. ಆದರೆ ಮೌಸ್ ಕುಂಟುತ್ತಿತ್ತು, ಪೆನ್‌ಡ್ರೈವನ್ನು ಯಂತ್ರ ಗುರುತಿಸಲೊಲ್ಲದು. ಪೂರ್ತಿ ಆರಿಸಿ ಮತ್ತೆ ಹಚ್ಚಿದರೆ ಸರಿ; ಇನ್ನೊಮ್ಮೆ ಮಲಗಿ ಎದ್ದರೆ ಅದೇ ಪಾಡು. ಮಗ್ಗ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ರಿಪೇರಿಯವನೊಬ್ಬ ಮದರ್‌ಬೋರ್ಡೇ ಹೋಯಿತೆಂದು ತೀರ್ಪಿತ್ತು, ಹೊಸದರ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗಿದ್ದ.

"ಏನೋ ಇಂಗ್ಲೀಷಿನಲ್ಲಿ ಬರ್ತದೆ, ಸ್ವಲ್ಪ ಓದಿ ಹೇಳಿ ಮೇಷ್ಟ್ರೇ" ಎಂದರು ಯಜಮಾನರು.

ಕನ್ನಡ ಎಂ.ಎ. ಮಾಡಿದವನಿಗೆ ಯಂತ್ರದ ಅಂತರಂಗವೇನು ಗೊತ್ತು? ಆದರೆ ಪಾಠಾಂತರಗಳನ್ನು ಹೋಲಿಸಿ ನೋಡುವ ಚಟವೊಂದಿತ್ತು. ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಅದರಲ್ಲಿ, ಎಚ್ಚರಗೊಂಡ ಗಳಿಗೆಯ ಬಳಿ ಒಂದು ಸಾಲು: 'ಐಆರ್‌ಕ್ಯೂ 16: ನೋಬಡಿ ಕೇರ್ಡ್.' ಹದಿನಾರನೆಯ ಕರೆಗೆ ಯಾರೂ ಓಗೊಡಲಿಲ್ಲ! ಅದರ ಕೆಳಗೆ, ಹದಿನಾರನ್ನು ಮುಚ್ಚಲಾಗುತ್ತಿದೆ ಎಂಬ ಒಕ್ಕಣೆ. ಯಂತ್ರಜ್ಞರ ಬರಹದಲ್ಲಿ ಇಷ್ಟು ಕರುಣರಸವನ್ನು ನಾನು ನಿರೀಕ್ಷಿಸಿರಲಿಲ್ಲ.

ಪ್ರೊಸೆಸರು ಒಂದೊಂದು ಅಂಗದ ಬಾಗಿಲಿಗೂ ಹೋಗಿ 'ಏನು ಬೇಕು' ಎಂದು ವಿಚಾರಿಸುತ್ತ ಕೂರುವುದಿಲ್ಲ. ಬೇಕಾದವರು ಕರೆಗಂಟೆ ಒತ್ತುತ್ತಾರೆ. ಅದು ಕೈಯ ಕೆಲಸ ಬಿಟ್ಟು ಗಮನಿಸುತ್ತದೆ. 1984ರ ಐಬಿಎಂ ಪಿಸಿ ಎಟಿಯಲ್ಲಿ ಬಳಕೆಗೆ ಸಿಗುತ್ತಿದ್ದ ಗಂಟೆಗಳು 15. ಅವು ಸಾಲದೆ, ವಠಾರದ ನಲ್ಲಿಯಂತೆ ಒಂದನ್ನೇ ಹಲವರು ಹಂಚಿಕೊಳ್ಳುವ ಏರ್ಪಾಟು ಬಂತು. ಹಂಚಿದ ಗಂಟೆ ಬಾರಿಸಿದರೆ ಪಾಲುದಾರರ ಡ್ರೈವರುಗಳನ್ನು ಒಂದೊಂದಾಗಿ ಕೇಳಬೇಕು. 'ನಮ್ಮದಲ್ಲ' ಎಂದು ಎಲ್ಲರೂ ಕೈಯಾಡಿಸಿದರೆ? ಲಿನಕ್ಸ್ ಬೇಗನೆ ತಾಳ್ಮೆಗೆಡುವುದಿಲ್ಲ. ಒಂದು ಲಕ್ಷ ಕರೆಗಳನ್ನು ಎಣಿಸುತ್ತದೆ. ಅವುಗಳಲ್ಲಿ 99,900ಕ್ಕಿಂತ ಹೆಚ್ಚು ಅನಾಥವಾದರೆ ಮಾತ್ರ ಗಂಟೆಯನ್ನು ಕಟ್ಟಿಬಿಡುತ್ತದೆ. ನಮ್ಮ ಕಚೇರಿಗಳು ಹತ್ತನೆಯ ಅರ್ಜಿಗೇ ಮುಖ ತಿರುಗಿಸುವುದುಂಟು. ಸಂಕಟವೆಂದರೆ, ಆ ಗಂಟೆಯನ್ನೇ ನೆಚ್ಚಿದ ನಿರಪರಾಧಿಗಳ ಬಾಯಿಯೂ ಅದರೊಡನೆ ಕಟ್ಟುತ್ತದೆ.

ಹದಿನಾರರ ಪಾಲುದಾರರು ಯಾರು? 'ಇಂಟರಪ್ಟ್ಸ್' ಎಂಬ ಕಡತದಲ್ಲಿ ಆ ಸಾಲಿಗೆ ಯುಎಸ್‌ಬಿ ನಿಯಂತ್ರಕದ ಹೆಸರೊಂದೇ ಇತ್ತು. ಮೌಸ್, ಪೆನ್‌ಡ್ರೈವ್ ಎರಡೂ ಅದರ ಮಕ್ಕಳು. ಹಾಗಾದರೆ ಕೂಗಿದವರಾರು? ಒಳಗಿರುವ ಕಾರ್ಡುಗಳನ್ನೆಲ್ಲ ಹೆಸರಿಸುವ 'ಎಲ್‌ಎಸ್‌ಪಿಸಿಐ' ಎಂಬ ಇನ್ನೊಂದು ಪಟ್ಟಿಯನ್ನು ಪಕ್ಕದಲ್ಲಿಟ್ಟು ಓದಿದೆ. ಅದರಲ್ಲಿ ಮಾತ್ರ, ಅದೇ ಹದಿನಾರರ ಮುಂದೆ, ಟೆಲಿಫೋನ್ ತಂತಿಯ ಇಂಟರ್ನೆಟ್ ಕಾಲದ ಮೋಡೆಮ್ ಕಾರ್ಡೊಂದು ಕಂಡಿತು. ಹಿಂದಿನ ಒಡೆಯರು ಸಿಕ್ಕಿಸಿ ಮರೆತದ್ದು. ಅದರ ಪರವಾಗಿ ಉತ್ತರಿಸುವ ಡ್ರೈವರು ಈ ಲಿನಕ್ಸಿನಲ್ಲಿಲ್ಲ. ಮೊದಲು ಹಚ್ಚಿದಾಗ ತೆಪ್ಪಗಿರುತ್ತದೆ, ನಿದ್ರೆಯಿಂದೆದ್ದರೆ ಬೊಬ್ಬೆ.

ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಕಾರ್ಡನ್ನು ತೆಗೆದೆವು. ಮೂರು ಸಲ ಮಲಗಿಸಿ ಎಬ್ಬಿಸಿದರೂ ಆ ಸಾಲು ಬರಲಿಲ್ಲ. ಅಷ್ಟಕ್ಕೇ ಒಪ್ಪುವುದು ಸರಿಯಲ್ಲವೆಂದು ಕಾರ್ಡನ್ನು ಮತ್ತೆ ಸಿಕ್ಕಿಸಿದೆ, ಸಾಲು ಬಂತು. ಮತ್ತೆ ತೆಗೆದೆ; ಹೋಯಿತು. ಯಜಮಾನರ ಮನೆಯಾಕೆ ಆ ಕಾರ್ಡನ್ನು ಬಿಸಾಡಲು ಬಿಡದೆ, ಕಂಡಿಕೆಗಳ ಡಬ್ಬಕ್ಕೆ ಹಾಕಿಟ್ಟರು. ನವಿಲು ಪೆನ್‌ಡ್ರೈವಿಗೆ ಇಳಿಯುತ್ತಿದ್ದಂತೆ ಯಜಮಾನರು ಮದರ್‌ಬೋರ್ಡಿನ ಬೆಲೆಯ ಚೀಟಿಯನ್ನು ಮಗುಚಿ, ಅದರ ಹಿಂಬದಿಯಲ್ಲಿ ಮುಂದಿನ ಸೆರಗಿಗೆ ಬೇಕಾದ ಎಳೆಗಳ ಲೆಕ್ಕ ಹಾಕತೊಡಗಿದ್ದರು.